ಕಟ್ ಆದ ಮೇಲಿನ ನಗು

ಚಿಕ್ಕಮುನಿಯಪ್ಪ ಹೆಣವಾಗಿ ಮಲಗಿದರೆ ನೊಣಗಳೂ ಮೋಸಹೋಗುತ್ತಿದ್ದವು. ಇದು ಬಾಯಿಮಾತಿಗೆ ಹೇಳಿದ್ದಲ್ಲ. ಯಾವುದೋ ಸೀರಿಯಲ್ಲಿನ ಶೂಟಿಂಗಿನಲ್ಲಿ ಒಂದು ನೊಣ ಅವನ ಮೂಗಿನ ಮೇಲೆ ಕುಳಿತು, ತುಟಿಗಿಳಿದು, ಗಲ್ಲ ಸುತ್ತಾಡಿ ಮತ್ತೆ ಮೂಗಿಗೇರಿದರೂ ಈ ಮಹಾನುಭಾವ ರೆಪ್ಪೆ ಅಲುಗಿಸಲಿಲ್ಲ. ಎದೆ ಬಡಿದುಕೊಂಡು ಅಳಬೇಕಾಗಿದ್ದ ಸೊಸೆ ಪಾತ್ರದ ಹುಡುಗಿಯೇ ಕಿಸಕ್ಕನೆ ನಕ್ಕು ಶಾಟ್ ಕೆಡಿಸಿದಳು. ಬೈಸಿಕೊಂಡವಳು ಅವಳು. ಹೆಣಕ್ಕೆ ಯಾರು ಬೈಯುತ್ತಾರೆ?

ಇದು ಯಾರೋ ಕಲಿಸಿದ ವಿದ್ಯೆಯಲ್ಲ. ಮಾಗಡಿ ರಸ್ತೆಯ ಲಾರಿ ಗ್ಯಾರೇಜಿಗೆ ಮೀಸೆ ಮೂಡುವ ಮೊದಲೇ ಸೇರಿ, ಮೀಸೆ ನರೆಯುವ ತನಕ ದುಡಿದವನು ಅವನು. ದುಡಿಮೆಯೆಲ್ಲ ಲಾರಿಯ ಕೆಳಗೆ ಅಂಗಾತ ಮಲಗಿ. ಮುಖದ ಮೇಲೆ ಆಯಿಲ್ ತೊಟ್ಟಿಕ್ಕಿದರೂ ಕೈ ಬಿಡದೆ ನಟ್ಟು ಬಿಗಿಯಬೇಕು. ಗ್ಯಾರೇಜಿನ ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಜಾಗ ಮಾರಿದರು, ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿತು, ಚಿಕ್ಕಮುನಿಯಪ್ಪ ಗೋವಿಂದರಾಜನಗರದ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು ಹೋಗಿ ಬರುವವರನ್ನು ನೋಡತೊಡಗಿದ. ಹಿಂದಿನ ಬೀದಿಯ ಮುರುಗೇಶ್ ಶೂಟಿಂಗುಗಳಿಗೆ ಜನ ಒದಗಿಸುವವನು. ಒಂದು ದಿನ ಒಪ್ಪಿಕೊಂಡಿದ್ದ ಹೆಣ ಜ್ವರ ಬಂದು ಮಲಗಿತ್ತು. ಮೆಟ್ಟಿಲ ಮೇಲಿದ್ದ ಇವನು ಮುರುಗೇಶನ ಕಣ್ಣಿಗೆ ಬಿದ್ದ.

"ಅಣ್ಣ, ಆಕ್ಟಿಂಗು ಏನೂ ಇಲ್ಲ. ಸುಮ್ನೆ ಮಲ್ಕೋಬೇಕು ಅಷ್ಟೇ," ಎಂದ ಮುರುಗೇಶ್.

"ಅದೇ ಅಲ್ವೇನಪ್ಪ ನಾನು ಜೀವಮಾನೆಲ್ಲ ಮಾಡಿದ್ದು," ಎಂದು ಚಿಕ್ಕಮುನಿಯಪ್ಪ ಅಂಗಿ ಹಾಕಿಕೊಂಡು ಹೊರಟೇಬಿಟ್ಟ.

ಸಂಜೆ ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದಾಗ ಅಣ್ಣಮ್ಮನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. "ಥೂ, ಬಿಡ್ತು ಅನ್ನಿ! ಮುತ್ತೈದೆ ಮನೇಲಿ ಆಡೋ ಮಾತಾ ಇದು?" ಎಂದು ಎರಡು ದಿನ ಮುಖ ತಿರುಗಿಸಿಕೊಂಡಿದ್ದಳು. ಆಮೇಲೆ, ಗಂಡ ಮತ್ತೆ ಮೆಟ್ಟಿಲ ಮೇಲೆ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದನ್ನು ನೋಡಲಾರದೆ, ಎರಡು ಷರತ್ತು ಹಾಕಿ ಒಪ್ಪಿದಳು. ಒಂದು, ಸಾವಿನ ಮನೆಯಿಂದ ಬಂದವರ ಹಾಗೆ ಹೊರಗೇ ನೀರು ಹುಯ್ದುಕೊಂಡು ಒಳಗೆ ಬರಬೇಕು. ಎರಡು, ಪ್ರತಿಸಲವೂ ತಪ್ಪದೆ ನಗಬೇಕು.

ಈ ನಗುವಿನ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ಹೆಣದ ಪಾರ್ಟು ಮಾಡಿದವರು ಡೈರೆಕ್ಟರು ಕಟ್ ಅಂದ ಮೇಲೆ ಕಣ್ಣು ಬಿಟ್ಟು, ಕ್ಯಾಮೆರಾ ನೋಡಿ, ಹಲ್ಲು ಕಾಣುವಂತೆ ನಗಬೇಕು. ಕ್ಯಾಮೆರಾ ಅದನ್ನೂ ಹಿಡಿದುಕೊಳ್ಳಬೇಕು. ಸಿನಿಮಾ ಮಂದಿಯ ಹಳೆಯ ಪದ್ಧತಿ ಇದು. ಕ್ಯಾಮೆರಾ ಕೊನೆಗೆ ಕಂಡದ್ದು ಹೆಣವಾಗಿರಬಾರದು, ನಗುವ ಮನುಷ್ಯನಾಗಿರಬೇಕು, ಇಲ್ಲದಿದ್ದರೆ ಒಳ್ಳೆಯದಾಗುವುದಿಲ್ಲ ಅಂತ. ಆ ನಗುವನ್ನು ಯಾರೂ ಟೀವಿಯಲ್ಲಿ ತೋರಿಸುವುದಿಲ್ಲ. ಆದರೆ ತೆಗೆಯದೆ ಬಿಡುವುದೂ ಇಲ್ಲ. ಅಣ್ಣಮ್ಮನಿಗೆ ಇದನ್ನು ಹೇಳಿದವನು ಮುರುಗೇಶನೇ. ಅಂದಿನಿಂದ ಗಂಡ ಶೂಟಿಂಗ್ ಮುಗಿಸಿ ಗೇಟು ತೆಗೆದರೆ ಸಾಕು, ಸಂಪಿನ ಪಕ್ಕ ಬಕೆಟ್ಟು ಇಟ್ಟುಕೊಂಡು ನಿಂತ ಅಣ್ಣಮ್ಮನ ಮೊದಲ ಪ್ರಶ್ನೆ ಒಂದೇ: "ನಕ್ಕ್ರಾ?"

"ನಕ್ಕೆ ಕಣೇ. ಹೆಂಗ್ ನಕ್ಕೆ ಅಂದ್ರೆ, ಆ ಲೈಟ್ ಹಿಡ್ಕೊಂಡಿದ್ದೋನು ಹೆದರ್ಕೊಂಡ್ಬಿಟ್ಟ," ಎಂದು ಅವನು ನೀರು ಹುಯ್ಯಿಸಿಕೊಳ್ಳುತ್ತಲೇ ಶುರು ಮಾಡುತ್ತಿದ್ದ. ಅವಳಿಗೆ ಅಷ್ಟು ಸಾಕು. ಹೇಗೆ ಸತ್ತ, ಯಾರು ಅತ್ತರು, ಚಟ್ಟಕ್ಕೆ ಯಾವ ಹೂ ಕಟ್ಟಿದ್ದರು, ಯಾವುದನ್ನೂ ಹೇಳಲು ಬಿಡುತ್ತಿರಲಿಲ್ಲ. "ಬಿಡ್ತು ಅನ್ನಿ, ಒಳಗೆ ಬನ್ನಿ," ಎಂದು ಒಣ ಟವಲು ಕೊಡುತ್ತಿದ್ದಳು.

ಹೀಗೆ ಸತ್ತು ನಕ್ಕು ನೆಮ್ಮದಿಯಾಗಿದ್ದವನಿಗೆ 'ಅದೇ ಸೋಮವಾರ' ಗಂಟುಬಿತ್ತು.

ಅದು ಮೊಬೈಲಿನಲ್ಲಿ ನೋಡುವ ಸೀರೀಸು. ಡೈರೆಕ್ಟರು ಶಿಲ್ಪಾ ಎಂಬ ಹುಡುಗಿ, ರಾಜಾಜಿನಗರದವಳು, ಜಡೆ ಸುತ್ತಿ ಅದಕ್ಕೊಂದು ಪೆನ್ಸಿಲ್ ಚುಚ್ಚಿಕೊಂಡು ಓಡಾಡುವವಳು. ಕಥೆ ಇಷ್ಟು. ಬಸವೇಶ್ವರನಗರದ ಒಂದು ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ಸೋಮವಾರ ಬೆಳಿಗ್ಗೆ ಏಳುತ್ತಾನೆ. ಮಧ್ಯಾಹ್ನದೊಳಗೆ ಕೆಳಗಿನ ಮನೆಯ ಓನರ್ ಸಾಯುತ್ತಾನೆ. ಹುಡುಗ ಮಲಗಿ ಎದ್ದರೆ ಮತ್ತೆ ಅದೇ ಸೋಮವಾರ, ಅದೇ ಓನರ್, ಜೀವಂತ. ಓನರನ್ನು ಉಳಿಸಿಕೊಳ್ಳುವ ತನಕ ಅವನ ಪಾಲಿಗೆ ಮಂಗಳವಾರ ಬರುವುದಿಲ್ಲ. ಎಷ್ಟು ಉಳಿಸಿದರೂ ಆ ಮುದುಕ ಇನ್ನೊಂದು ರೀತಿಯಲ್ಲಿ ಸಾಯುತ್ತಾನೆ. ಹುಡುಗನ ಪಾತ್ರಕ್ಕೆ ಅನಿಕೇತ್ ಎಂಬ ಹೊಸ ಹೀರೋ. ಸಾಯುವ ಓನರ್ ನಮ್ಮ ಚಿಕ್ಕಮುನಿಯಪ್ಪ.

ಈ ಸಲ ಅವನಿಗೆ ಮಾತಿತ್ತು! ಇಷ್ಟು ವರ್ಷದಲ್ಲಿ ಮೊದಲನೆಯ ಸಲ ಸಾಯುವ ಮುಂಚೆ ಸ್ವಲ್ಪ ಹೊತ್ತು ಬದುಕಿರುವ ಪಾತ್ರ. ಪ್ರತಿ ಸೋಮವಾರ ಬೆಳಿಗ್ಗೆ ಹುಡುಗನಿಗೆ ಎಚ್ಚರವಾಗುವುದೇ ಕೆಳಗಿನಿಂದ ಬರುವ ಓನರ್ ದನಿಗೆ: "ಮೋಟಾರ್ ಆಫ್ ಮಾಡಿದ್ಯೇನಪ್ಪಾ?" ಈ ಒಂದು ಮಾತನ್ನು ಚಿಕ್ಕಮುನಿಯಪ್ಪ ವಾರಗಟ್ಟಲೆ ಮನೆಯಲ್ಲಿ ಹೇಳಿ ಹೇಳಿ ಕಲಿತ. ಬಚ್ಚಲಲ್ಲಿ ಹೇಳಿದ, ಊಟದ ತಟ್ಟೆಯ ಮುಂದೆ ಹೇಳಿದ, ಅಂಗಡಿಗೆ ಹೋಗಿ ಬರುವಾಗ ಹೇಳಿದ. ಅವರ ನಿಜವಾದ ಮನೆ ಓನರ್ ಕೇಳಿಸಿಕೊಂಡು, ತಮ್ಮನ್ನೇ ಅಣಕಿಸುತ್ತಿದ್ದಾನೆಂದು ಒಂದು ವಾರ ಮಾತು ಬಿಟ್ಟರು.

ಮೊದಲ ದಿನದ ಸಾವು ಇಡ್ಲಿಯಿಂದ. ಇಡ್ಲಿ ಗಂಟಲಲ್ಲಿ ಸಿಕ್ಕಿ ಓನರ್ ತಟ್ಟೆಯ ಪಕ್ಕಕ್ಕೆ ಒರಗುತ್ತಾನೆ. ಚಿಕ್ಕಮುನಿಯಪ್ಪ ಎಷ್ಟು ಚೆನ್ನಾಗಿ ಒರಗಿದನೆಂದರೆ ಯೂನಿಟ್ಟಿನವರೆಲ್ಲ ಚಪ್ಪಾಳೆ ತಟ್ಟಿದರು. ಅವನು ಕಣ್ಣು ಬಿಟ್ಟು, ತುಟಿ ಒರೆಸಿಕೊಂಡು, ನಗಲು ಸಿದ್ಧನಾಗಿ ನೋಡಿದರೆ ಕ್ಯಾಮೆರಾ ಆಗಲೇ ಬೇರೆ ಕಡೆ ತಿರುಗಿತ್ತು.

"ಮೇಡಂ, ನಗು?" ಎಂದ.

ಶಿಲ್ಪಾಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕವಳು ಅವಳು. "ಅಂಕಲ್, ನೀವು ಸತ್ತೇ ಇಲ್ವಲ್ಲ! ನೆಕ್ಸ್ಟ್ ಸೀನಲ್ಲಿ ಎದ್ದು ಮೋಟಾರ್ ಆಫ್ ಮಾಡಿದ್ಯಾ ಅಂತ ಕೇಳ್ತೀರಾ. ಲೂಪ್ ಅಂದ್ರೆ ಅದೇ. ಲಾಸ್ಟ್ ಎಪಿಸೋಡಲ್ಲಿ ಲೂಪ್ ಬ್ರೇಕ್ ಆಗುತ್ತೆ, ನೀವು ಬದುಕ್ಕೋತೀರಾ. ಅವತ್ತು ಎಲ್ಲದಕ್ಕೂ ಸೇರಿಸಿ ಒಂದು ದೊಡ್ಡ ನಗು ತೆಗೆಯೋಣ. ಈಗ್ಲೇ ನಕ್ಬಿಟ್ರೆ ನನ್ನ ಕಥೆ ಕೆಡುತ್ತೆ."

ಅವನು ಇನ್ನೊಂದು ಮಾತಾಡಬಹುದಿತ್ತು. ಗ್ಯಾರೇಜಿನಲ್ಲಿ ಯಜಮಾನನಿಗೇ ಎದುರಾಡಿದವನು. ಆದರೆ ಮಾತಿರುವ ಪಾರ್ಟು ಮೊದಲ ಸಲ ಸಿಕ್ಕಿದೆ, ಮುದುಕ ಕಿರಿಕಿರಿ ಅಂತ ಬೇರೆಯವರನ್ನು ಹಾಕಿಕೊಂಡರೆ? ಬಾಯಿಗೆ ಬೀಗ ಹಾಕಿಕೊಂಡ. ಬಸ್ಸು ಹತ್ತಿ ಮನೆಗೆ ಬಂದ.

ಗೇಟಿನ ಹತ್ತಿರ ಬಕೆಟ್ಟು ಕಾಯುತ್ತಿತ್ತು. "ನಕ್ಕ್ರಾ?" ಎಂದಳು ಅಣ್ಣಮ್ಮ.

"ನಕ್ಕೆ," ಎಂದ.

ಅವಳು ಚೊಂಬಿನಲ್ಲಿ ನೀರು ಮೊಗೆದು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಅವನನ್ನು ನೋಡಿದಳು. ಆಮೇಲೆ, ಇಷ್ಟು ವರ್ಷ ಒಮ್ಮೆಯೂ ಕೇಳದ್ದನ್ನು ಕೇಳಿದಳು. "ಹೆಂಗೆ ಸತ್ರಿ ಇವತ್ತು?"

"ಇಡ್ಲಿ ಗಂಟ್ಲಲ್ಲಿ ಸಿಗಾಕ್ಕೊಂಡು."

"ಯಾಕೆ, ಚಟ್ನಿ ಇರ್ಲಿಲ್ವಾ?" ಎನ್ನುತ್ತ ತಣ್ಣೀರನ್ನು ದಬಕ್ಕನೆ ತಲೆಯ ಮೇಲೆ ಸುರಿದಳು. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. ಚಿಕ್ಕಮುನಿಯಪ್ಪನಿಗೆ ಆ ಚಳಿಗೋ ಆ ಮಾತಿಗೋ ತಡೆಯಲಾಗಲಿಲ್ಲ, ಒದ್ದೆ ಗುಬ್ಬಚ್ಚಿಯ ಹಾಗೆ ನಡುಗುತ್ತ ಗಹಗಹಿಸಿ ನಕ್ಕ.

ಅಂದಿನಿಂದ ದಿನವೂ ಇದೇ ಆಯಿತು. ತೆಂಗಿನಕಾಯಿ ತಲೆಗೆ ಬಿದ್ದು ಸತ್ತ ದಿನ, "ಕಾಯಿ ತರ್ಲಿಲ್ವಾ? ನಾಳೆ ಚಟ್ನಿಗಾಗೋದು," ಎಂದಳು. ವಾಟರ್ ಟ್ಯಾಂಕ್ ತೊಳೆಯಲು ಹತ್ತಿ ಬಿದ್ದು ಸತ್ತ ದಿನ, "ನಮ್ಮನೆ ಟ್ಯಾಂಕ್ ತೊಳೀರಿ ಅಂದ್ರೆ ಮಂಡಿ ನೋವು. ಅಲ್ಲಿ ಹತ್ತಕ್ಕೆ ಮಂಡಿ ಎಲ್ಲಿಂದ ಬಂತು?" ಎಂದಳು. ಗ್ರೈಂಡರ್ ಶಾಕ್ ಹೊಡೆದ ದಿನ, "ಹಿಟ್ಟು ನುಣ್ಣಗಾಗಿತ್ತಾ?" ಬಚ್ಚಲಲ್ಲಿ ಸೋಪಿನ ಮೇಲೆ ಜಾರಿದ ದಿನ, "ಯಾವ ಸೋಪು ಹೇಳಿ, ಅದನ್ನ ತರೋದು ಬೇಡ." ಅವನು ಪ್ರತಿಸಲವೂ ನಕ್ಕ. ಎದುರು ಮನೆಯವರು ಕಿಟಕಿ ತೆಗೆದು ನೋಡುವಷ್ಟು ನಕ್ಕ. ಸಾವಿನ ಮಾತೆತ್ತಿದರೆ ಬಿಡ್ತು ಅನ್ನಿಸುತ್ತಿದ್ದವಳು ಈಗೇಕೆ ತಾನಾಗಿಯೇ ಕೆದಕಿ ಕೇಳುತ್ತಾಳೆ ಅಂತ ಒಂದು ದಿನವಾದರೂ ಯೋಚಿಸಿದನೇ? ಇಲ್ಲ. ಗಂಡಸರು ಯೋಚಿಸುವುದಿಲ್ಲ. ಪಾರ್ಟು ಚೆನ್ನಾಗಿ ಬರುತ್ತಿದೆ, ಹೆಂಡತಿಗೂ ರುಚಿ ಹತ್ತಿದೆ ಅಂದುಕೊಂಡು ಎರಡು ತುತ್ತು ಹೆಚ್ಚು ಉಂಡು ಮಲಗಿದ.

ಕೊನೆಯ ಎಪಿಸೋಡಿಗೆ ಒಂದು ವಾರ ಇರುವಾಗ ಅನಿಕೇತ್ ತಲೆ ಬೋಳಿಸಿಕೊಂಡ.

ಬೇರೆ ಯಾವುದೋ ದೊಡ್ಡ ಸಿನಿಮಾ ಸಿಕ್ಕಿತಂತೆ, ಅದರಲ್ಲಿ ಕೈದಿಯ ಪಾತ್ರವಂತೆ, ಯಾರಿಗೂ ಹೇಳದೆ ಹೋಗಿ ನುಣ್ಣಗೆ ಹೆರೆಸಿಕೊಂಡು ಬಂದ. ಶಿಲ್ಪಾ ಅವನ ತಲೆ ನೋಡಿ ತನ್ನ ತಲೆಯ ಮೇಲೆ ಕೈ ಹೊತ್ತು ಕೂತಳು. ಬೇರೆ ಕಥೆಯಾಗಿದ್ದರೆ ತಿರುಪತಿಗೆ ಹೋಗಿದ್ದ ಅಂತ ಒಂದು ಮಾತು ಸೇರಿಸಿ ದಾಟಿಸಬಹುದಿತ್ತು. ಒಂದೇ ಸೋಮವಾರದಲ್ಲಿ ಸಿಕ್ಕಿಕೊಂಡ ಮನುಷ್ಯ ತಿರುಪತಿಗೆ ಯಾವಾಗ ಹೋದ? ಕೂದಲು ಬೆಳೆಯುವ ತನಕ ಶೂಟಿಂಗ್ ನಿಂತಿತು. ಲೂಪ್ ಮುರಿಯಲಿಲ್ಲ, ಓನರ್ ಬದುಕಲಿಲ್ಲ, ದೊಡ್ಡ ನಗುವನ್ನು ಯಾರೂ ತೆಗೆಯಲಿಲ್ಲ. ಚಿಕ್ಕಮುನಿಯಪ್ಪ ಸತ್ತವನು ಸತ್ತಂತೆಯೇ ಉಳಿದ.

ಆಗಲೂ ಅವನು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಕೂದಲು ತಾನೆ, ಬೆಳೆಯುತ್ತದೆ. ಹೆದರಿದ್ದು ಅಣ್ಣಮ್ಮ ಸಂಪಿನ ಹತ್ತಿರ ಬಿದ್ದ ದಿನ. ನೀರಿನ ಬಕೆಟ್ಟು ಎತ್ತಲು ಬಗ್ಗಿದವಳು ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದಳು. ಕೆಂಗೇರಿಯಿಂದ ಮಗಳು ಅನು ಓಡಿಬಂದಳು, ರಾಜಾಜಿನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದರು, ಸ್ಕ್ಯಾನ್ ಮಾಡಿದರು. ಹೊಟ್ಟೆಯಲ್ಲಿ ಗಡ್ಡೆ.

"ದೊಡ್ಡದಿದೆ. ತೆಗೆದು ಟೆಸ್ಟಿಗೆ ಕಳಿಸಿದ ಮೇಲೇ ಅದು ಎಂಥದ್ದು ಅಂತ ಹೇಳಕ್ಕಾಗೋದು," ಎಂದರು ಡಾಕ್ಟರು. "ಬಿಪಿ, ಶುಗರ್ ಎರಡೂ ಇದೆ. ರಿಸ್ಕ್ ಇಲ್ಲ ಅಂತ ನಾನು ಹೇಳಲ್ಲ. ಶುಗರ್ ಇಳಿದ ತಕ್ಷಣ ಆಪರೇಷನ್ ಮಾಡೋಣ."

ಡಾಕ್ಟರು ಹೇಳಿದ ಬಿಪಿ ಚಿಕ್ಕಮುನಿಯಪ್ಪನ ಕಿವಿಗೆ ಬೀಳಲಿಲ್ಲ, ಶುಗರ್ ಬೀಳಲಿಲ್ಲ. ಅವನಿಗೆ ಕಾರಣ ಗೊತ್ತಿತ್ತು. ಇಡ್ಲಿಯ ಸಾವು, ಕಾಯಿಯ ಸಾವು, ಟ್ಯಾಂಕಿನ ಸಾವು, ನಗದೆ ಬಿಟ್ಟ ಒಂದೊಂದೂ ಅವನ ಹಿಂದೆಯೇ ಮನೆಗೆ ಬಂದು ಕೂತಿದ್ದವು. ಸುಳ್ಳು ಹೇಳಿ ಒಳಗೆ ಕರೆದುಕೊಂಡವನು ತಾನೇ. ಈಗ ಅವು ತನ್ನನ್ನು ಬಿಟ್ಟು ಅವಳನ್ನು ಹಿಡಿದಿವೆ. ನಿಮಗೆ ನಗು ಬರಬಹುದು. ಆಪರೇಷನ್ ಥಿಯೇಟರಿನ ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕೂತು ನೋಡಿ, ಆಗ ಎಂತೆಂಥ ಬುದ್ಧಿವಂತರಿಗೂ ಹಳೆಯದೊಂದು ತಪ್ಪು ನೆನಪಾಗುತ್ತದೆ.

ಆಪರೇಷನ್ನಿಗೆ ಮುಂಚೆ ಆ ನಗು ಕ್ಯಾಮೆರಾದಲ್ಲಿ ಬೀಳಬೇಕು. ಅವನಿಗೆ ಬೇರೆ ಯೋಚನೆಯೇ ಇರಲಿಲ್ಲ. ಹೊತ್ತು ಹುಟ್ಟಿದರೆ ಮುರುಗೇಶನಿಗೆ ಫೋನು: "ಹೀರೋ ಕೂದ್ಲು ಎಷ್ಟ್ ಬಂತಪ್ಪ?"

"ಅಣ್ಣ, ಈಗ ಗರಿಕೆ ಥರ ಬಂದೈತೆ. ಬಾಚಕ್ಕೆ ಸಿಗಲ್ಲ ಇನ್ನೂ."

ಹೆಂಡತಿಯ ಪ್ರಾಣ ಒಬ್ಬ ಹೀರೋನ ತಲೆಗೂದಲಿಗೆ ಜೋತುಬಿದ್ದಿದೆ ಅಂತ ಅವನು ಯಾರ ಮುಂದೆ ಹೇಳಿಕೊಂಡಾನು? ಮಗಳ ಮೊಬೈಲಿನಲ್ಲಿ ಅನಿಕೇತನ ಹೊಸ ಫೋಟೋ ತೆಗೆಸಿ, ಬೆರಳಿನಿಂದ ದೊಡ್ಡದು ಮಾಡಿ, ಹಣೆಯ ಮೇಲಿನ ಅಂಚನ್ನು ನೋಡುತ್ತ ಕೂರುತ್ತಿದ್ದ. ಅನು ಒಂದು ದಿನ ರೇಗಿದಳು. "ಅಪ್ಪಾ, ಅಮ್ಮ ಈ ಸ್ಥಿತೀಲಿ ಇರ್ಬೇಕಾದ್ರೆ ನಿಂಗೆ ಸಿನಿಮಾ ಚಿಂತೆನಾ?" ಅವನು ಮೊಬೈಲು ವಾಪಸ್ಸು ಕೊಟ್ಟ. ತನಗೆ ಅಷ್ಟಾದರೂ ಬೈಗುಳ ಸಿಗಲಿ ಅನ್ನಿಸಿತು.

ಶುಗರ್ ಇಳಿಯಿತು, ಕೂದಲು ಬೆಳೆಯಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಆಪರೇಷನ್ ಅಂತ ಗೊತ್ತಾದ ಮಧ್ಯಾಹ್ನ ಅವನು ಆಟೋ ಹಿಡಿದು ನಂದಿನಿ ಲೇಔಟಿಗೆ ಹೋದ. ಅಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಶಿಲ್ಪಾ ಎಡಿಟಿಂಗ್ ಮಾಡಿಸುತ್ತಿದ್ದಳು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಗೋಡೆಯ ದೊಡ್ಡ ಪರದೆಯ ಮೇಲೆ ಅವನೇ ಬಿದ್ದಿದ್ದ, ತಟ್ಟೆಯ ಪಕ್ಕ, ಬಾಯಿ ತೆರೆದುಕೊಂಡು. ಚಿತ್ರ ಬದಲಾಯಿತು. ತೆಂಗಿನ ಮರದ ಕೆಳಗೆ ಅವನೇ. ಬದಲಾಯಿತು. ಬಚ್ಚಲಲ್ಲಿ ಅವನೇ. ಇಷ್ಟು ವರ್ಷ ಹೆಣವಾಗಿದ್ದರೂ ಅವನು ತನ್ನ ಹೆಣವನ್ನು ನೋಡಿರಲಿಲ್ಲ. ಒಂದರ ಹಿಂದೆ ಒಂದು ಸಾಲಾಗಿ ಬರುತ್ತಿದ್ದವು, ಒಂದೂ ಏಳಲಿಲ್ಲ, ಒಂದೂ ನಗಲಿಲ್ಲ. ಅವನು ಗೋಡೆ ಹಿಡಿದುಕೊಂಡ.

"ಅಂಕಲ್? ಏನಾಯ್ತು? ಕೂತ್ಕೊಳ್ಳಿ," ಎಂದು ಶಿಲ್ಪಾ ಕುರ್ಚಿ ಎಳೆದಳು.

ಅವನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದ. ಹೆಂಡತಿಯ ಷರತ್ತು, ತನ್ನ ಸುಳ್ಳು, ಗಡ್ಡೆ, ನಾಳೆ ಬೆಳಗಿನ ಆಪರೇಷನ್. "ಕಥೆ ಕೆಟ್ರೆ ಕೆಡ್ಲಿ ಮೇಡಂ. ಆ ನಗು ಇವತ್ತು ತೆಕ್ಕೊಂಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ," ಎಂದ.

ಶಿಲ್ಪಾ ಎಡಿಟ್ ಮಾಡುವ ಹುಡುಗನನ್ನು ಹೊರಗೆ ಕಳಿಸಿದಳು. ಮೂಲೆಯ ಡಬ್ಬದಿಂದ ಓನರಿನ ಅದೇ ಚೌಕುಳಿ ಪಂಚೆ, ಅದೇ ಬನಿಯನ್ ಹುಡುಕಿ ಕೊಟ್ಟಳು. ಕ್ಯಾಮೆರಾವನ್ನು ತಾನೇ ಹಿಡಿದಳು. ಚಿಕ್ಕಮುನಿಯಪ್ಪ ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ. ಅವಳು ಕಟ್ ಅಂದಳು. ಅವನು ಕಣ್ಣು ಬಿಟ್ಟು ಕ್ಯಾಮೆರಾ ನೋಡಿ ಹಲ್ಲು ಕಿರಿದ.

ಅವಳು ಚಿಕ್ಕ ಪರದೆಯನ್ನು ನೋಡಿ ತಲೆ ಅಲ್ಲಾಡಿಸಿದಳು. "ಅಂಕಲ್, ಇನ್ನೊಂದ್ಸಲ."

ಮತ್ತೆ ಮಲಗಿದ. ಮತ್ತೆ ಕಟ್. ತುಟಿ ಅಗಲವಾಯಿತು, ಕೆನ್ನೆ ಮೇಲೆ ಹೋಗಲಿಲ್ಲ. ಮತ್ತೊಂದು ಸಲ ಮಾಡಿದ. ಒಳಗೆ ಎಲ್ಲೋ ಹುಡುಕಿದ, ಹಳೆಯ ನಗುಗಳನ್ನೆಲ್ಲ ನೆನಪು ಮಾಡಿಕೊಂಡ, ಏನೂ ಮೇಲೆ ಬರಲಿಲ್ಲ. ಇನ್ನೊಂದು ಅಂದ, ಮತ್ತೊಂದು ಅಂದ. ಮಲಗುವುದು, ಏಳುವುದು, ಹಲ್ಲು ತೋರಿಸುವುದು. ಸೀರೀಸಿನಲ್ಲಿ ಆ ಹುಡುಗನಿಗೆ ಮಂಗಳವಾರ ಬಾರದಿದ್ದ ಹಾಗೆ ಇವನಿಗೆ ನಗು ಬರಲಿಲ್ಲ. ಕೊನೆಗೆ ಶಿಲ್ಪಾ ಕ್ಯಾಮೆರಾ ಕೆಳಗಿಟ್ಟಳು. ಅವಳ ಕಣ್ಣು ಕೆಂಪಾಗಿತ್ತು.

"ಇದು ನಗು ಅಲ್ಲ ಅಂಕಲ್. ನೀವು ಅಳ್ತಾ ಇದೀರಾ," ಎಂದಳು. "ಅವತ್ತೇ ತೆಗೀಬೇಕಿತ್ತು ನಾನು. ಸಾರಿ. ನೀವು ಆಂಟಿ ಹತ್ರ ಹೋಗಿ."

ಸಂಜೆ ಅವನು ಆಸ್ಪತ್ರೆಗೆ ಬಂದಾಗ ಅಣ್ಣಮ್ಮ ದಿಂಬಿಗೆ ಒರಗಿ ಕೂತಿದ್ದಳು. ಕೈಬಳೆ, ಮೂಗುಬೊಟ್ಟು ಬಿಚ್ಚಿಸಿದ್ದರು. ಹಣೆಯ ಕುಂಕುಮವೊಂದನ್ನು ಮಾತ್ರ ನರ್ಸಿಗೆ ಗದರಿಸಿ ಉಳಿಸಿಕೊಂಡಿದ್ದಳು. ಅನು ಕಾಫಿ ತರಲು ಕೆಳಗೆ ಹೋದದ್ದೇ ತಡ, ಅವನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ತಲೆ ಬಗ್ಗಿಸಿದ.

"ನಿನ್ನ ಹತ್ರ ಒಂದು ಸುಳ್ಳು ಹೇಳ್ಬಿಟ್ಟಿದೀನಿ ಕಣೇ. ಆ ಸೀರೀಸಲ್ಲಿ ನಾನು ಒಂದು ದಿನಾನೂ ನಗ್ಲಿಲ್ಲ. ಅವ್ರು ತೆಗೀಲೇ ಇಲ್ಲ. ನಕ್ಕೆ ನಕ್ಕೆ ಅಂತ ನಿನ್ನ ನಂಬಿಸ್ದೆ. ಅದಕ್ಕೇ ಇದೆಲ್ಲ…"

ಅಣ್ಣಮ್ಮ ಅವನ ಮುಖವನ್ನೇ ನೋಡಿದಳು. "ಗೊತ್ತು," ಎಂದಳು.

"ಏನ್ ಗೊತ್ತು?"

"ನೀವು ನಕ್ಕಿದ್ದ ದಿನ ಹಂಗ್ ನಕ್ಕೆ, ಹಿಂಗ್ ನಕ್ಕೆ ಅಂತ ಬೀದಿಗೆಲ್ಲ ಕೇಳಂಗೆ ಹೇಳೋರು. ಅವತ್ತು ಒಂದೇ ಮಾತು, ನಕ್ಕೆ ಅಂತ. ಬಕೆಟ್ ನೋಡ್ಕೊಂಡು ಹೇಳಿದ್ರಿ. ಇಷ್ಟು ವರ್ಷ ಸಂಸಾರ ಮಾಡಿ ಅಷ್ಟು ಗೊತ್ತಾಗಲ್ವಾ ನಂಗೆ?"

"ಗೊತ್ತಿದ್ದೂ ಒಳಗ್ ಬಿಟ್ಕೊಂಡ್ಯಾ?"

"ಎಲ್ ಬಿಟ್ಕೊಂಡೆ? ನಗಿಸಿ ತಾನೆ ಬಿಟ್ಕೊಂಡಿದ್ದು, ದಿನಾ."

ಚಟ್ನಿ, ಕಾಯಿ, ಮಂಡಿ, ಸೋಪು, ಒಂದೊಂದೂ ಚಿಕ್ಕಮುನಿಯಪ್ಪನ ಕಣ್ಣ ಮುಂದೆ ಬಂತು. ಗೇಟಿನೊಳಗೆ, ಹೊಸಿಲಿನ ಹೊರಗೆ, ತಲೆಯಿಂದ ನೀರಿಳಿಯುತ್ತ ಅವನು ನಕ್ಕ ನಗುಗಳು. ಇವಳು ಒಂದು ಸಲವೂ ತಾನು ನಗದೆ, ಚೊಂಬು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನಿಂತಿರುತ್ತಿದ್ದಳು. ಅವನು ನಕ್ಕು ಮುಗಿಸಿದ ಮೇಲೇ ಟವಲು ಕೊಡುತ್ತಿದ್ದಳು.

"ಅಲ್ಲಿ ಕ್ಯಾಮೆರಾ ಇರ್ಲಿಲ್ವಲ್ಲೇ," ಎಂದ, ಚಿಕ್ಕ ಮಗುವಿನ ದನಿಯಲ್ಲಿ.

"ನಾನ್ ನೋಡ್ಲಿಲ್ವಾ? ಸಾಲ್ದಾ?"

ಅವನಿಗೆ ಅಳು ಒತ್ತರಿಸಿಕೊಂಡು ಬಂತು. "ಮತ್ತೆ ಈ ಗಡ್ಡೆ ಯಾಕ್ ಬಂತು?"

"ಗಡ್ಡೆಗೆ ನಿಮ್ಮ ಸೀರೀಸು ಯಾವ ಲೆಕ್ಕ? ಅದು ಮುಂಚೆನೇ ಇತ್ತು," ಎಂದ ಅಣ್ಣಮ್ಮ ಕಿಟಕಿಯ ಕಡೆ ತಿರುಗಿದಳು. "ನೀರು ಎತ್ಬೇಕಾದ್ರೆ ಅವಾಗ್ಲೇ ಹೊಟ್ಟೆ ಹಿಡ್ಕೊಳ್ಳೋದು. ನೋವಾ ಅಂತ ನೀವು ಒಂದಿನ ಕೇಳಿದ್ರಿ. ಇಲ್ಲ ಅಂದೆ. ಮಾತಿರೋ ಪಾರ್ಟು ಸಿಕ್ಕೈತೆ, ಮುಗೀಲಿ, ಆಮೇಲೆ ತೋರ್ಸಣ ಅಂತ ಸುಮ್ನಾದೆ. ನೀವೊಬ್ರೇ ಅಲ್ಲ ಸುಳ್ಳು ಹೇಳಿದ್ದು."

ಅವನಿಗೆ ಸಿಟ್ಟು ಬಂತು. ಇಷ್ಟು ದಿನ ಅಪಶಕುನದ ಮೇಲೆ, ತನ್ನ ಮೇಲೆ, ಹೀರೋನ ಬೋಳು ತಲೆಯ ಮೇಲೆ ಇದ್ದ ಸಿಟ್ಟೆಲ್ಲ ಒಟ್ಟಿಗೆ ಅವಳ ಮೇಲೆ ಬಂತು. ಆ ಬಕೆಟ್ಟುಗಳನ್ನು ದಿನವೂ ಎತ್ತಿ ಸುರಿಯುವಾಗ ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿರುತ್ತಿದ್ದುದು ಈಗ ನೆನಪಾಯಿತು. ಬೈಯಲು ಬಾಯಿ ತೆರೆದ, ಅಷ್ಟರಲ್ಲಿ ಅನು ಕಾಫಿ ತಂದಳು. ಬೈಯದೆ ಕಾಫಿ ಕುಡಿದ.

ಬೆಳಿಗ್ಗೆ ಅವಳಿಗೆ ಹಸಿರು ಅಂಗಿ ತೊಡಿಸಿ, ಕುಂಕುಮವನ್ನೂ ಒರೆಸಿ ಸ್ಟ್ರೆಚರಿನ ಮೇಲೆ ಮಲಗಿಸಿದರು. ಏನೋ ಇಂಜೆಕ್ಷನ್ ಕೊಟ್ಟಿದ್ದರು, ಕಣ್ಣು ಮುಚ್ಚಿತ್ತು. ಗಲ್ಲದ ತನಕ ಬಿಳಿ ಹೊದಿಕೆ. ಚಿಕ್ಕಮುನಿಯಪ್ಪ ನೋಡಿದ, ನೋಡಬಾರದಿತ್ತು. ನಿನ್ನೆ ಪರದೆಯ ಮೇಲೆ ಕಂಡದ್ದೇ ಕಂಡಿತು. ಈ ಮುಖವೇ ತಾನು ಕೊನೆಗೆ ಕಂಡದ್ದು ಆಗಬಾರದು ಅನ್ನಿಸಿತು. ಇವಳು ತನ್ನನ್ನು ಒಂದು ದಿನವೂ ನಗಿಸದೆ ಬಿಟ್ಟವಳಲ್ಲ, ತಾನೂ ಒಂದು ಮಾತು ಹೇಳಿ ನಗಿಸಿ ಕಳಿಸಬೇಕು. ಸ್ಟ್ರೆಚರಿನ ಜೊತೆಗೇ ನಡೆದ. ಒಂದು ಮಾತು, ಒಂದೇ ಮಾತು. ತಮಾಷೆ ಅವನ ಇಲಾಖೆಯೇ ಅಲ್ಲ. ಏನೂ ಹೊಳೆಯಲಿಲ್ಲ. "ಅಣ್ಣಮ್ಮಾ," ಎಂದಷ್ಟೇ ಅಂದ, ಬಾಗಿಲು ಮುಚ್ಚಿತು.

ಆ ಬೆಳಗು ಎಷ್ಟು ಉದ್ದವಿತ್ತೋ ಅವನಿಗೇ ಗೊತ್ತು. ಅನು ಅವನ ಭುಜಕ್ಕೆ ತಲೆಯಿಟ್ಟು ಕೂತಿದ್ದಳು. ಮುರುಗೇಶ್ ಫೋನು ಮಾಡಿದ, ಅವನು ಎತ್ತಲಿಲ್ಲ. ಬಾಗಿಲು ತೆಗೆದಾಗಲೆಲ್ಲ ಎದ್ದು ನಿಂತ. ಬಂದವರು ಬೇರೆಯವರ ಹೆಸರು ಕೂಗಿದರು. ಕೊನೆಗೆ ಡಾಕ್ಟರು ಬಂದು, ಗಡ್ಡೆ ತೆಗೆದಾಯಿತು, ಟೆಸ್ಟಿಗೆ ಹೋಗಿದೆ, ರಿಪೋರ್ಟ್ ಬರುವ ತನಕ ತಾನು ಯಾವ ಮಾತೂ ಕೊಡುವುದಿಲ್ಲ ಎಂದರು. ಪ್ರಜ್ಞೆ ಬರುತ್ತಿದೆ, ಒಬ್ಬರು ಮಾತ್ರ ಹೋಗಿ ಬನ್ನಿ ಎಂದೂ ಹೇಳಿದರು. ಅನು ಅಪ್ಪನನ್ನು ಮುಂದೆ ತಳ್ಳಿದಳು.

ಒಳಗೆ ಅಣ್ಣಮ್ಮ ಅಂಗಾತ ಮಲಗಿದ್ದಳು. ಮೂಗಿಗೆ ಕೊಳವೆ, ಕೈಗೆ ಸೂಜಿ, ಒಣಗಿದ ತುಟಿ. ಅಲುಗಾಟವಿಲ್ಲ. ಅವನು ಪಕ್ಕದಲ್ಲಿ ನಿಂತ. ಅಷ್ಟು ಸಾವು ಸತ್ತವನಿಗೆ ಮಲಗಿದವರ ಪಕ್ಕ ನಿಲ್ಲುವುದು ಹೇಗೆಂದು ಗೊತ್ತಿರಲಿಲ್ಲ. ಆ ಸೀರೀಸಿನಲ್ಲಿ ಸತ್ತ ಮೇಲೆ ಪ್ರತಿಸಲವೂ ತಾನು ಎದ್ದು ಹೇಳುತ್ತಿದ್ದದ್ದು ಯಾವ ಮಾತು ಎಂದು ಆಗ ನೆನಪಾಯಿತು. ಬಗ್ಗಿ, ಅವಳ ಕಿವಿಯ ಹತ್ತಿರ, ವಾರಗಟ್ಟಲೆ ಮನೆಯಲ್ಲಿ ಅವಳ ತಲೆ ತಿಂದು ಕಲಿತ ಓನರ್ ದನಿಯಲ್ಲಿ ಮೆಲ್ಲಗೆ ಕೇಳಿದ: "ಮೋಟಾರ್ ಆಫ್ ಮಾಡಿದ್ಯೇನಮ್ಮಾ?"

ಮೊದಲು ಏನೂ ಆಗಲಿಲ್ಲ. ಆಮೇಲೆ ಹುಬ್ಬು ಅಲುಗಿತು. ಕಣ್ಣು ಅರ್ಧ ತೆರೆಯಿತು. ತುಟಿ ಏನೋ ಹೇಳಲು ಹೋಗಿ, ಹೇಳಲಾಗದೆ, ಒಂದು ಪಕ್ಕಕ್ಕೆ ಎಳೆಯಿತು, ಕೆನ್ನೆ ಮೇಲಕ್ಕೆ ಹೋಯಿತು, ಹೊದಿಕೆಯ ಕೆಳಗೆ ಹೊಟ್ಟೆ ಕುಲುಕಿತು. ನೋವಾಗಿ ಅಣ್ಣಮ್ಮ ಹಾ ಎಂದಳು. ನಗುವುದನ್ನು ಮಾತ್ರ ಬಿಡಲಿಲ್ಲ.

ನರ್ಸು ಓಡಿಬಂದಳು. "ಏನ್ ಅಂಕಲ್ ನೀವು! ನಗಿಸ್ಬೇಡಿ ಅವ್ರನ್ನ, ಹೊಲಿಗೆ ಹಾಕಿದೀವಿ."

"ಇಲ್ಲಮ್ಮ, ಇನ್ನು ನಗಿಸಲ್ಲ," ಎಂದ ಚಿಕ್ಕಮುನಿಯಪ್ಪ, ಕಣ್ಣೊರೆಸಿಕೊಂಡು. "ನಾನ್ ನೋಡ್ದೆ. ಸಾಕು."